ಬಿಳಿ ಹವಳ

ದಾಂಡೇಲಿಯಲ್ಲಿ ಪ್ರವಾಸಿಗರ ರಬ್ಬರ್ ದೋಣಿ ನಡೆಸುವ ಸಿದ್ದಿ ಹುಡುಗಿ ಅಗ್ನೆಸ್‌ಗೆ ಕಾಳಿ ನದಿಯ ಕಲ್ಲುಕಲ್ಲೂ ಪರಿಚಯ. ಹೊಳೆ ಈಜಿದವಳಿಗೆ ಸಮುದ್ರ ಯಾವ ಲೆಕ್ಕ ಎಂದು ಡಾಕ್ಟರ್ ರಾಜಶ್ರೀ ಅವಳನ್ನು ನೇತ್ರಾಣಿ ದ್ವೀಪಕ್ಕೆ ಕರೆದೊಯ್ದರು. ಲೆಕ್ಕ ತಪ್ಪಿತ್ತು ಅನ್ನಿ.

ಅಲ್ಲಿಯ ಹವಳವನ್ನು ರಾಜಶ್ರೀ ಒಂಬತ್ತು ವರ್ಷ ಮುಳುಗಿ ಮುಳುಗಿ ನೋಡಿ ಬರೆದಿಟ್ಟವರು. ಆಮೇಲೆ ಕಿವಿ ಕೈಕೊಟ್ಟು ಮುಳುಗುವುದು ನಿಂತಿತು. ಅಗ್ನೆಸ್ ಮುಳುಗುವುದನ್ನು ಕಲಿತು, ಕರಾವಳಿಯ ತಂಡದೊಡನೆ ಎರಡು ಬೇಸಿಗೆ ಇಳಿದು, ಹವಳಗಳ ಫೋಟೋ ತೆಗೆದು ಅವು ಹೇಗಿವೆಯೆಂದು ಪಟ್ಟಿ ಬರೆದಳು. ಮೊದಲ ವರ್ಷದ ಅವಳ ಪಟ್ಟಿ ನೋಡಿ ಹವಳ ಚೇತರಿಸಿಕೊಂಡಿತೆಂದು ರಾಜಶ್ರೀ ಕಂಡಕಂಡವರಿಗೆಲ್ಲ ಪೇಡೆ ಹಂಚಿದ್ದರು. ಎರಡನೇ ವರ್ಷದ್ದು ಇನ್ನೂ ಅವರ ಕೈಸೇರಿರಲಿಲ್ಲ.

ಇಂದು ಹಣ ಕೊಡುವ ಸಂಸ್ಥೆಯ ಚನಬಸಪ್ಪ ದಾಂಡೇಲಿಗೆ ಬರುವವರಿದ್ದರು. ಇಲ್ಲಿಯವರ ಕೈಲಿ ಈ ಕೆಲಸ ಆಗುತ್ತದೆಂದು ಅವರಿಗೆ ನಂಬಿಕೆ ಬಂದರೆ ಐದು ವರ್ಷದ ಹಣ. ಬಾರದಿದ್ದರೆ ಹವಳವನ್ನು ನೋಡುವವರೇ ಇಲ್ಲ.

ಬೆಳಿಗ್ಗೆ ಎರಡು ವರ್ಷದ ಫೋಟೋ ಜೋಡಿಸುವಾಗ ಅಗ್ನೆಸ್ ಅವನ್ನು ಮತ್ತೆ ಮತ್ತೆ ಹೋಲಿಸಿ ನೋಡಿದಳು. ಅವಳು ಮೊದಲ ವರ್ಷ ‘ಚಲೋ’ ಎಂದು ಬರೆದ ಬಿಳಿ ಹವಳಗಳೆಲ್ಲ ಮರುವರ್ಷ ಸತ್ತು ಪಾಚಿಗಟ್ಟಿದ್ದವು. ಹೊಳೆಯಲ್ಲಿ ಬಿಳಿ ಬಂಡೆಯೆಂದರೆ ಕಾಲು ಜಾರದ ಒಳ್ಳೆಯ ಬಂಡೆ. ಹವಳ ಬೆಳ್ಳಗಾದರೆ ಅದಕ್ಕೆ ನೀರಿನ ಬಿಸಿ ತಡೆಯಲಾಗಿಲ್ಲ ಎಂದರ್ಥ. ರಾಜಶ್ರೀ ಕಲಿಸಿಯೇ ಇದ್ದರು. ನೀರಿನಡಿ ಮಾತ್ರ ಅವಳಿಗೆ ಹೊಳೆಯ ಬುದ್ಧಿಯೇ ಮುಂದಾಗಿತ್ತು.

ಚನಬಸಪ್ಪ ಪಟ್ಟಿ ತಿರುವಿ, “ಮೊದಲನೇ ವರ್ಷದ್ದು ಭಾಳ ಚಲೋ ಐತಲ್ರಿ,” ಎಂದರು. ರಾಜಶ್ರೀಯ ಮುಖ ಅರಳಿತು. ಅಗ್ನೆಸ್ ಆ ಮುಖವನ್ನೇ ನೋಡಿದಳು. ಬಾಯಿಗೆ ಬೀಗ ಹಾಕಿಕೊಂಡರೆ ಹಣವೂ ಬರುತ್ತದೆ, ಮೇಡಂ ಸಂತೋಷವೂ ಉಳಿಯುತ್ತದೆ.

“ಅದು ನಾ ತಪ್ಪ ಬರದೀನ್ರಿ,” ಎಂದಳು. ಫೋಟೋಗಳನ್ನು ಮುಂದಿಟ್ಟಳು. “ಇವು ಆಗಲೇ ಸಾಯಾಕತ್ತಿದ್ವು. ನನಗ ತಿಳೀಲಿಲ್ಲ.”

ರಾಜಶ್ರೀ ಒಂದೊಂದೇ ಫೋಟೋ ನೋಡಿದರು. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಚನಬಸಪ್ಪ ಪಟ್ಟಿಯನ್ನು ಅಗ್ನೆಸ್ ಮುಂದೆ ಸರಿಸಿ, “ಫೋಟೋ ನೋಡಿ ಪಟ್ಟಿ ತಿದ್ದಿ ಕಳಸ್ರಿ. ಐದು ವರ್ಷದ ರೊಕ್ಕ ಈಕಿ ಹೆಸರಿಗೇ ಬರಕೋತೇನಿ,” ಎಂದು ಎದ್ದರು.

ಅವರು ಹೋದ ಮೇಲೂ ಅಗ್ನೆಸ್ ತಲೆಯೆತ್ತಲಿಲ್ಲ. ರಾಜಶ್ರೀ ಅವಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

“ಜೀವಂತ ಎಷ್ಟ ಉಳದಾವವ್ವಾ?”

“ಮೂರರಾಗ ಒಂದು, ಮೇಡಂ.”

“ಅವು ಹೆಂಗ ಅದಾವ, ಹೇಳು,” ಎಂದು ರಾಜಶ್ರೀ ಕಣ್ಣು ಮುಚ್ಚಿದರು. “ಒಂದನ್ನೂ ಬಿಡಬ್ಯಾಡ.”