ಗಿಣಿಮೂಗು ದ್ರಾಕ್ಷಿಬಳ್ಳಿ

ನಾನು ಒಂದು ದ್ರಾಕ್ಷಿಬಳ್ಳಿ. ನಮ್ಮ ಕುಲದಲ್ಲಿ ಕಡ್ಡಿ ಕತ್ತರಿಸಿ ಊರಿದರೆ ಅದೇ ಹುಟ್ಟು. ವಿಜಯಪುರದ ಕಡೆಯ ಒಂದು ಊರಿನಲ್ಲಿ ಗುರುಬಸವ್ವ ಎಂಬಾಕೆ ನನ್ನನ್ನು ತಮ್ಮ ಹೊಲದಿಂದ ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದು, ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ನೆಟ್ಟಳು. ನನ್ನ ಹಣ್ಣು ಉದ್ದ, ತುದಿ ಕೊಂಚ ಬಾಗಿದ್ದು. ಅದಕ್ಕೇ ಊರವರು ಗಿಣಿಮೂಗು ಎಂದು ಕರೆಯುತ್ತಿದ್ದರು.

ಆಗ ಹೊಲದ ತುಂಬ ನಮ್ಮವರೇ ಇದ್ದರು. ಗುರುಬಸವ್ವನ ಮಗ ಮಲಕಪ್ಪ ಒಂದು ವರ್ಷ, "ಈಗ ಎಲ್ಲಾರೂ ಬೀಜಿಲ್ಲದ್ದೇ ಕೇಳ್ತಾರ, ಇದನ್ಯಾರ್ ತಿಂತಾರ?" ಎಂದು ಎಲ್ಲವನ್ನೂ ಬುಡಸಮೇತ ಕೀಳಿಸಿದ. ಕಿತ್ತ ಬಳ್ಳಿಗಳನ್ನು ಒಲೆಗೆಂದು ತಂದು ನನ್ನ ಎದುರಿಗೇ ಒಟ್ಟಿದರು. ನನ್ನ ಚಪ್ಪರದ ನೆರಳಲ್ಲಿ ಬಟ್ಟೆ ಒಗೆಯುತ್ತಿದ್ದುದರಿಂದ ನಾನೊಬ್ಬಳು ಉಳಿದೆ. ಅಂದಿನಿಂದ ಯಾರೇ ಹತ್ತಿರ ಬಂದರೂ ಕೈಯಲ್ಲಿ ಕತ್ತರಿ ಇದೆಯೇ ಎಂದು ಮೊದಲು ನೋಡುತ್ತಿದ್ದೆ.

ಮಲಕಪ್ಪನ ಹೆಂಡತಿ ನಿಂಬೆವ್ವನಿಗೆ ನನಗಿಂತ ಹೆಚ್ಚು ಅನುಮಾನ. ಅಳಿಲು ಹಣ್ಣು ತಿಂದರೂ ಪಕ್ಕದ ಮನೆಯ ಖೈರುನ್‌ಬಿಯ ಕೆಲಸವೇ ಎನ್ನುವಳು. ಖೈರುನ್‌ಬಿ ಚೊಚ್ಚಲ ಬಸುರಿಯಾಗಿದ್ದಾಗ ಹುಳಿಗಾಯಿಗೆ ಆಸೆಪಟ್ಟಳೆಂದು ಗುರುಬಸವ್ವ ಗೋಡೆಯ ಮೇಲಿಂದ ಒಂದು ಗೊಂಚಲು ಕೊಟ್ಟಿದ್ದಳು. ಕಡ್ಡಿ ಕತ್ತರಿಸಿ ಬಳ್ಳಿ ಸವರುವ ಕಾಲ ಬಂದಾಗ ಎರಡು ಕಡ್ಡಿಯನ್ನೂ ದಾಟಿಸಿದಳು.

"ನಮ್ಮ ಸೊಸಿಗಿ ಹೇಳಬ್ಯಾಡವಾ. ಸುಮ್ನ ಕಿರಿಕಿರಿ."

ಖೈರುನ್‌ಬಿ ಅವನ್ನು ಊರಾಚೆ ತಮ್ಮ ಹೊಲದ ಬಾವಿಯ ದಂಡೆಯಲ್ಲಿ ನೆಟ್ಟಳು. ಒಂದು ಚಿಗುರಿತಂತೆ. ಆ ವರ್ಷವೇ ಗುರುಬಸವ್ವ ತೀರಿಕೊಂಡಳು. ಕೊಟ್ಟದ್ದನ್ನು ಕಂಡವಳು ನಾನೊಬ್ಬಳೇ. ನನಗೆ ಬಾಯಿಲ್ಲ.

ಬಹಳ ವರ್ಷಗಳ ಮೇಲೆ, ನಿಂಬೆವ್ವನ ಕೂದಲು ನೆರೆತ ಕಾಲಕ್ಕೆ, ದ್ರಾಕ್ಷಿ ಸಂಶೋಧನಾ ಕೇಂದ್ರದಿಂದ ವನಮಾಲಾ ಉಳ್ಳಾಗಡ್ಡಿ ಎಂಬ ವಿಜ್ಞಾನಿ ಬಂದರು. ಹೆಗಲಿಗೆ ಐಸ್ ಡಬ್ಬಿ. ಹಳೆಯ ತಳಿಗಳನ್ನು ಹುಡುಕುತ್ತ ಊರೂರು ತಿರುಗುತ್ತಿದ್ದರು. ನನ್ನ ಎಳೆಯ ಎಲೆ ಬೇಕೆಂದರು.

"ಇವತ್ತ ಎಲಿ ಅಂತೀರಿ ಬಾಯಾರ, ನಾಳಿ ಬಳ್ಳೀನೇ ನಮ್ದು ಅಂತೀರಿ," ಎಂದಳು ನಿಂಬೆವ್ವ.

"ಎಲಿಯೊಳಗ ಡಿಎನ್‌ಎ ಅಂತ ಇರ್ತದರಿ, ಹೆಬ್ಬಟ್ಟಿನ ಗುರುತಿದ್ದಂಗ. ಈ ತಳಿ ಬ್ಯಾರೆ ಎಲ್ಲೆರ ಅದ ಏನು ಅಂತ ನೋಡ್ತೀವಿ, ಅಷ್ಟ."

ನಿಂಬೆವ್ವ ಎಣಿಸಿ ಮೂರೇ ಎಲೆ ಕೊಟ್ಟಳು. ಡಬ್ಬಿಯ ಮುಚ್ಚಳ ಬೀಳುವವರೆಗೂ ಆಕೆಯ ಕಣ್ಣು ಅಲ್ಲೇ ಇತ್ತು. ನನ್ನದೂ.

ಎರಡು ತಿಂಗಳಿಗೆ ವನಮಾಲಾ ಮರಳಿ ಬಂದರು. ಕೇಂದ್ರದಲ್ಲಿದ್ದ ಯಾವ ತಳಿಯೊಂದಿಗೂ ನನ್ನ ಗುರುತು ಹೊಂದಲಿಲ್ಲವಂತೆ. ಊರಿನಲ್ಲಿ ಎಲೆ ಒಯ್ದಿದ್ದ ಬಳ್ಳಿಗಳ ಪೈಕಿ ಹೊಂದಿದ್ದು ಒಂದಕ್ಕೇ, ಖೈರುನ್‌ಬಿಯ ಬಾವಿಯ ಹತ್ತಿರದ್ದಕ್ಕೆ. "ಎರಡೂ ಒಂದೇ ಬಳ್ಳಿರಿ," ಎಂದರು ಸಂತೋಷದಿಂದ.

ನಿಂಬೆವ್ವನ ಮುಖ ಕೆಂಪಾಯಿತು. ಗೋಡೆಯ ಹತ್ತಿರ ಹೋಗಿ ಕೂಗಿದಳು: "ಖೈರೂ! ನನ್ನ ಬಳ್ಳಿ ಕದ್ದೀಯಲ್ಲ!"

"ಕದ್ದಿಲ್ಲಕ್ಕಾ. ನಿಮ್ಮತ್ತಿ ಕೊಟ್ಟಾಳ."

"ಸತ್ತೋರ ಹೆಸರ ಹೇಳಿದ್ರ ನಾ ಯಾರ್ನ ಕೇಳ್ಲಿ?"

ವನಮಾಲಾ ಇಬ್ಬರ ನಡುವೆ ತೊಳಲಾಡಿದರು. ಯಾರು ಯಾರಿಗೆ ಕೊಟ್ಟರು ಎಂಬುದನ್ನು ಪರೀಕ್ಷೆ ಹೇಳುವುದಿಲ್ಲ ಎಂದರು. ಕೇಂದ್ರದ ತಳಿ ತೋಟದಲ್ಲಿ ಬೆಳೆಸಲು ನಾಲ್ಕು ಕಡ್ಡಿ ಕೇಳಿದರು. ನನ್ನ ಬುಡದಲ್ಲಿ ಉದುರಿದ್ದ ಮರದ ಹಿಟ್ಟನ್ನು ತೋರಿಸಿ, ಹುಳು ಕಾಂಡ ಕೊರೆಯುತ್ತಿದೆ, ತಡಮಾಡಬೇಡಿ ಎಂದೂ ಹೇಳಿದರು. ನಿಂಬೆವ್ವ ಅದನ್ನೂ ನಂಬಲಿಲ್ಲ. ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಹುಳು ಒಳಗಿನಿಂದ ನನ್ನನ್ನು ತಿನ್ನುತ್ತಿದ್ದುದು ನನಗೆ ಗೊತ್ತಿತ್ತು. ಆದರೂ ಬೀಗ ಕಂಡು ಸಮಾಧಾನವಾಯಿತು. ಅಷ್ಟು ಹೆದರಿದ್ದೆ ನಾನು.

ಆ ಬೇಸಿಗೆಯಲ್ಲಿ ಬಾವಿಯ ಹತ್ತಿರದ ಬಳ್ಳಿ ಒಣಗಿಹೋಯಿತು. ಅದೇ ಹುಳು.

ಅಕ್ಟೋಬರದಲ್ಲಿ, ಬಳ್ಳಿ ಸವರುವ ದಿನಗಳಲ್ಲಿ, ಒಂದು ಮಧ್ಯಾಹ್ನ ಖೈರುನ್‌ಬಿ ಬಂದು ಹಿತ್ತಲ ಬಾಗಿಲು ಬಡಿದಳು. ನಿಂಬೆವ್ವ ಅರ್ಧ ತೆರೆದು ಅಡ್ಡ ನಿಂತಳು.

"ಒಂದ್ ಕಡ್ಡಿ ಕೊಡಕ್ಕಾ. ನಮ್ಮದು ಹೋತು."

"ಮದ್ಲ ಕದ್ದೀನಿ ಅಂತ ಒಪ್ಕೊ."

ಖೈರುನ್‌ಬಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಪ್ಕೊಂಡ್ರ ಕೊಡ್ತೀಯೇನು? ಹಂಗಾದ್ರ ಹೂಂ, ಕದ್ದೀನಿ. ಊರ ಮುಂದೂ ಹೇಳ್ತೀನಿ. ನಿಂದೂ ಹೋದ್ರ ಆ ಹಣ್ಣ ಇರೂದಿಲ್ಲಕ್ಕಾ, ಎಲ್ಲೂ ಇರೂದಿಲ್ಲ."

ನಿಂಬೆವ್ವ ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಕೇಳಿದ್ದಳು, ಆದರೆ ಮುಖದಲ್ಲಿ ಗೆಲುವಿರಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದಳು: "ನಮ್ಮತ್ತಿ ಕೊಟ್ಟಾಗ ಏನಂದ್ಲು?"

ಖೈರುನ್‌ಬಿ ಹಿಂದೆಮುಂದೆ ನೋಡಿದಳು. "ಸೊಸಿಗಿ ಹೇಳಬ್ಯಾಡ, ಸುಮ್ನ ಕಿರಿಕಿರಿ ಅಂದ್ಲು."

ನಿಂಬೆವ್ವ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ಅಂದಿರ್ತಾಳ," ಎಂದಳು. "ಆಕೀದೇ ಮಾತದು." ನಗುವೋ ಅಳುವೋ, ಆಕೆ ತಲೆ ತಗ್ಗಿಸಿದ್ದರಿಂದ ನನಗೆ ಸರಿಯಾಗಿ ಕಾಣಲಿಲ್ಲ. ಆಮೇಲೆ ಎದ್ದು ಕತ್ತರಿ ತಂದಳು. ನಾನು ಎಂದಿನಂತೆ ಬೆದರಿದೆ. ಚೆನ್ನಾಗಿ ಬಲಿತ ಹತ್ತು ಕಡ್ಡಿ ಆರಿಸಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಐದನ್ನು ಖೈರುನ್‌ಬಿಯ ಮಡಿಲಿಗೆ ಹಾಕಿದಳು. ಉಳಿದ ಐದಕ್ಕಾಗಿ ವನಮಾಲಾ ಅವರಿಗೆ ಫೋನು ಹೋಯಿತು.

ವನಮಾಲಾ ಮರುದಿನವೇ ಬಂದರು. ದಾಖಲೆಯ ಹಾಳೆ ತೆಗೆದು, ಕೊಟ್ಟವರ ಹೆಸರು ಏನೆಂದು ಬರೆಯಲಿ ಎಂದು ಕೇಳಿದರು.

"ಇಬ್ಬರದೂ ಬರೀರಿ," ಎಂದಳು ನಿಂಬೆವ್ವ. "ನಾಳಿ ನೀವು ನಮ್ದು ಅಂದ್ರ, ಜಗಳಕ್ಕ ಇಬ್ಬರಿರಬೇಕು."

ವನಮಾಲಾ ನಕ್ಕು ಎರಡೂ ಹೆಸರು ಬರೆದರು. ನಿಂಬೆವ್ವ ಹಾಳೆ ಇಸಿದುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ನೋಡಿದ ಮೇಲೆಯೇ ಸಹಿ ಹಾಕಿದಳು.

ಈಗ ನನ್ನ ಕಾಂಡ ಟೊಳ್ಳು. ಒಂದೇ ಕವಲು ಚಿಗುರುತ್ತದೆ, ಅದರಲ್ಲೂ ಹಣ್ಣಿಲ್ಲ. ತಳಿ ತೋಟದಲ್ಲಿ ಐದೂ ಹತ್ತಿವೆಯಂತೆ, ಬಾವಿಯ ಹತ್ತಿರ ಮೂರು. ಆ ಮೂರಕ್ಕೆ ಖೈರುನ್‌ಬಿ ಸರಿಯಾಗಿ ನೀರು ಹಾಕುತ್ತಾಳೋ ಇಲ್ಲವೋ ಎಂಬ ಅನುಮಾನ ನಿಂಬೆವ್ವನಿಗೆ. ದಿನಾ ಬೆಳಿಗ್ಗೆ ನೋಡಲು ಹೋಗುತ್ತಾಳೆ. ಖೈರುನ್‌ಬಿಯ ಜೊತೆ ಮಾತು ಮುಗಿಸಿ ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ.