ಸೊಕ್ಕಿಗೊಂದು ಉದಾಹರಣೆ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಪದ್ಧತಿ. ಪದಕ್ಕೆ ಅರ್ಥ ಬರೆದವರೇ ಕೆಳಗೊಂದು ಉದಾಹರಣೆ ವಾಕ್ಯವನ್ನೂ ಹೊಸೆಯಬೇಕು. ಆ ವಾರ ನನ್ನ ಪಾಲಿಗೆ ಬಂದದ್ದು ‘ಸರ್ಕ್ವಿಡ್ರಿ’ ಎಂಬ ಹಳೇ ಇಂಗ್ಲಿಷ್ ಪದ. ಈಗ ಯಾರ ಬಾಯಲ್ಲೂ ಇಲ್ಲ. ಅರ್ಥ, ಸೊಕ್ಕು. ಹುಟ್ಟಿದ್ದು ಹಳೇ ಫ್ರೆಂಚಿನಲ್ಲಿ, ‘ಮೇಲೆ’ ಮತ್ತು ‘ಎಣಿಸು’ ಎಂಬೆರಡು ತುಂಡು ಸೇರಿ. ಅಂದರೆ ತನ್ನನ್ನು ತಾನು ಇರುವುದಕ್ಕಿಂತ ಮೇಲೆ ಎಣಿಸಿಕೊಳ್ಳುವುದು.

ಉದಾಹರಣೆಗೆ ದೂರ ಹೋಗಬೇಕಾಗಿರಲಿಲ್ಲ. ಎದುರಿನ ಗಾಜಿನ ಕೋಣೆಯಲ್ಲೇ ನಮ್ಮ ಸಂಪಾದಕರು ಕೂತಿದ್ದರು. ಕೈ ತುರಿಸಿತು, ಪದದ ಚೀಟಿಯಲ್ಲಿ ಬರೆದೆ: ‘ಅವರದು ಎಂಥ ಸರ್ಕ್ವಿಡ್ರಿ ಎಂದರೆ, ಅವರು ಪರರ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ, ತಮ್ಮದನ್ನು ಅಳಿಸಲು ಬರುವ ಪೆನ್ಸಿಲ್ಲಿನಲ್ಲಿ.’ ಹರಿದು ಬೇರೆ ಬರೆಯೋಣ ಎಂದುಕೊಳ್ಳುವಷ್ಟರಲ್ಲಿ ಜವಾನ ಬಂದು ಚೀಟಿಗಳ ಕಟ್ಟನ್ನೇ ಎತ್ತಿಕೊಂಡು ಗಾಜಿನ ಕೋಣೆಗೆ ಹೋದ.

ಎರಡು ವರ್ಷದಿಂದ ಹಂಗಾಮಿಯಾಗಿದ್ದ ನನ್ನನ್ನು ಕಾಯಂ ಮಾಡುವ ಕಾಗದ ಅದೇ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಕರೆ ಬಂತು. ಕಾಲೆಳೆದುಕೊಂಡು ಹೋದೆ. ಸಂಪಾದಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕು ನಕ್ಕು ನೀರು ಬಂದಿತ್ತು!

“ಅಲ್ಲಮ್ಮಾ, ನಮ್ಮಣ್ಣನ್ನ ನೀನೆಲ್ಲಿ ನೋಡ್ದೆ? ಥೇಟ್ ಅವನೇ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಈ ಮಹಾರಾಯರು ಅಣ್ಣನ ಹೆಗಲು ಮುಟ್ಟಿದರು. ನಗುತ್ತಲೇ ನನ್ನ ಕಾಗದಕ್ಕೆ ಸಹಿ ಹಾಕಿ, ತಾವು ಹಾಕಿದ ತಾರೀಖು ತಪ್ಪಿತೆಂದು ಪೆನ್ಸಿಲ್ಲಿನಲ್ಲಿ ತಿದ್ದಿದರು. ನಾನು ತುಟಿ ಕಚ್ಚಿಕೊಂಡು ಹೊರಗೆ ಬಂದೆ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡ ಮಾತ್ರ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ, ತಾನು ಬರೆದಿದ್ದ ಸಾಮಾನಿನ ಪಟ್ಟಿ ತಂದು ನನ್ನ ಮುಂದಿಟ್ಟ. ಬೇಳೆ, ಸಾಬೂನು, ಬೆಂಕಿಪೆಟ್ಟಿಗೆ, ಸಾಲುಸಾಲಿಗೂ ಕಾಗುಣಿತ ತಿದ್ದಿ ನಾನೆಳೆದ ಕೆಂಪು ಗೀಟು.

“ನಮ್ಮನೇಲೂ ಒಬ್ರು ಸಂಪಾದಕರಿದಾರೆ, ಅಲ್ವೇನಮ್ಮಾ?” ಎಂದ ತಾಯಿಯ ಕಡೆ ತಿರುಗಿ. ಅತ್ತೆ ಇನ್ನೂ ಜೋರಾಗಿ ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ಕೈ ಮಾತ್ರ ತಾನಾಗಿಯೇ ಹೆಗಲಿಗೆ ಹೋಯಿತು.

ಮರುದಿನ ಕಚೇರಿಯಲ್ಲಿ ಆ ಚೀಟಿ ಹುಡುಕಿ, ವಾಕ್ಯದಲ್ಲಿ ‘ಅವರು’ ಇದ್ದ ಕಡೆ ‘ನಾನು’ ಎಂದು ತಿದ್ದಿದೆ. ಪೆನ್ಸಿಲ್ಲಿನಲ್ಲಿ.