ಖಡಕಿ ಬಯಲಿನ ಉಡಿಕೆ ಮಾತು

ಹೊಳಬಸಪ್ಪ ತನ್ನ ಹಳೆಯ ಮೋಟಾರನ್ನು ತಂದು ಬಾಗಿಲಿಗೆ ನಿಲ್ಲಿಸುವ ಹೊತ್ತಿಗೆ ರುದ್ರವ್ವ ಎರಡು ಸಲ ಸೀರೆ ಬದಲಿಸಿ, ಕಡೆಗೆ ಮೊದಲು ಉಟ್ಟದ್ದನ್ನೇ ಉಟ್ಟುಕೊಂಡಿದ್ದಳು. ಕಾಲರಾದಲ್ಲಿ ಗಂಡ ಹೋದ ಮೇಲೆ ಪುಣೆಯ ಅಣ್ಣನ ಮನೆಯಲ್ಲಿ ಬಿದ್ದಿದ್ದ ಹೆಣ್ಣಿಗೆ ಆರಿಸಿ ಉಡುವಷ್ಟು ಸೀರೆ ಎಲ್ಲಿಂದ ಬರಬೇಕು? ಆದರೂ ಅವತ್ತು ಅವಳಿಗೆ ಚೆಂದ ಕಾಣಬೇಕಾಗಿತ್ತು. ಅದರಲ್ಲಿ ತಪ್ಪೇನು?

ಹೊಳಬಸಪ್ಪ ಬೆಳಗಾವಿ ಕಡೆಯವನು, ಪುಣೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರ, ಹೆಂಡತಿ ತೀರಿಹೋಗಿದ್ದಳು. ಅವನು ರುದ್ರವ್ವನನ್ನು ಉಡಿಕೆಗೆ ಕೇಳಿದ್ದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಂದು ಮನೆ ತುಂಬಿಸುವ ಈ ಪದ್ಧತಿ ಅವರ ಲಿಂಗಾಯತ ಜನರಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ತವರಿನ ಗಂಡಸು ಬಾಯಿ ತುಂಬ ಹೂಂ ಅನ್ನಬೇಕು, ಅಷ್ಟೇ. ರುದ್ರವ್ವನ ಪಾಲಿಗೆ ಆ ಗಂಡಸು ಅಣ್ಣ ಮುರುಗೆಪ್ಪ, ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಕಾರಕೂನ. "ಎಲ್ಲಾರೂ ಕೂಡಿ ಖಡಕಿ ಕಾಳಗದ ಬಯಲು ನೋಡಿ ಬರೂಣು, ಅಲ್ಲೇ ಮಾತೂ ಮುಗಿಸೂಣು" ಎಂದು ಹಂಚಿಕೆ ಹಾಕಿದವಳು ತಾಯಿ ಚನ್ನಬಸವ್ವ. ಮುರುಗೆಪ್ಪನೂ ಹಿಂದಿನ ದಿನ ಹೂಂ ಅಂದಿದ್ದ. ತನ್ನದೇ ಒಲೆ, ತನ್ನದೇ ಬಾಗಿಲು ಎಂದು ನೆನೆದು ರುದ್ರವ್ವನಿಗೆ ಊಟವೇ ಸೇರಿರಲಿಲ್ಲ.

ಆದರೆ ಮುರುಗೆಪ್ಪನ ಬುದ್ಧಿ ನೆಟ್ಟಗಿದ್ದರೆ ಈ ಕಥೆಯಾದರೂ ಯಾಕೆ ಬೇಕಿತ್ತು? ಮೋಟಾರು ಬರುತ್ತದೆಂದು ಗೊತ್ತಾದದ್ದೇ ತಡ, ತನ್ನ ಹೆಡ್ ಕ್ಲಾರ್ಕ್ ಏಕನಾಥರಾಯರನ್ನೂ ಅವರ ಹೆಂಡತಿ ರಾಧಾಬಾಯಿಯನ್ನೂ ಕರೆದುಬಿಟ್ಟ. ಅವರು ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆನಿಂತ ಬ್ರಾಹ್ಮಣರು. ಅವರನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಮೆರೆಯುವ ಹುಚ್ಚು ಇವನಿಗೆ. ಮೋಟಾರು ತನ್ನದಲ್ಲ ಎಂಬುದೂ ನೆನಪಿರಲಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಹೆಂಗಸರು ಒಬ್ಬರ ಮೇಲೊಬ್ಬರು ಬೀಳುತ್ತ ಗಣೇಶಖಿಂಡಿಯ ದಾರಿ ಹಿಡಿದರು.

ಬಯಲಿನಲ್ಲಿ ನೋಡಲು ಇದ್ದದ್ದು ಒಣಹುಲ್ಲು, ಜಾಲಿ, ದೂರದಲ್ಲಿ ದಂಡಿನವರ ಬಂಗಲೆಗಳು. ಪೇಶವೆಯ ರಾಜ್ಯ ಮುಳುಗಿದ ಜಾಗ ಇದೇ ಎಂದು ಹೇಳದಿದ್ದರೆ ದನ ಮೇಯಿಸುವ ಮಾಳ ಎಂದುಕೊಳ್ಳಬೇಕು. ಇತಿಹಾಸವೆಂದರೆ ಪ್ರಾಣ ಬಿಡುವ ಏಕನಾಥರಾಯರು ಕೊಡೆ ಚಾಚಿ ತೋರಿಸಿದರು.

"ಈ ತಗ್ಗು ನೋಡ್ರಿ. ಆವಾಗ ಇಲ್ಲೆಲ್ಲಾ ಕೆಸರಿತ್ತು. ನಮ್ಮ ಕುದರಿ ದಂಡು ಅಬ್ಬರಿಸಿಕೋತ ಬಂತು. ಮುಂದಿನ ನೆಲಾ ಹ್ಯಾಂಗದ ಅಂತ ಒಬ್ಬರೂ ನೋಡಲಿಲ್ಲ. ಕುದರಿ ಹುಗದು ನಿಂತವು, ಇಂಗ್ರೇಜಿಯವರು ನಿಂತಲ್ಲೇ ಹೊಡದರು. ಪೇಶವೆ ಮಾತ್ರ ಪರ್ವತಿ ಗುಡ್ಡದ ಮ್ಯಾಲಿಂದ ನೋಡಿಕೋತ ಇದ್ದರಂತ."

"ಖರೇ ಸಾಹೇಬ್ರ, ಭಾಳ ಖರೇ" ಎಂದ ಮುರುಗೆಪ್ಪ. ಸಾಹೇಬರು ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆಂದರೂ ಅವನು ಹಾಗೆಯೇ ಅನ್ನುತ್ತಿದ್ದ.

ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಬುತ್ತಿ ಬಿಚ್ಚಿದರು. ರಾಯರೂ ರಾಧಾಬಾಯಿಯೂ ತಮ್ಮ ಡಬ್ಬಿ ಬದಿಗಿಟ್ಟು, ಮಡಿ ಮೈಲಿಗೆ ನೋಡದೆ ರುದ್ರವ್ವ ಬಡಿದ ರೊಟ್ಟಿಯನ್ನೇ ಕೇಳಿ ಹಾಕಿಸಿಕೊಂಡರು. ಆಗಲಾದರೂ ಮುರುಗೆಪ್ಪನಿಗೆ ಏನಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಳಬಸಪ್ಪ ರುದ್ರವ್ವನ ಕಡೆ ಒಂದು ಸಲ ನೋಡಿ, "ಝುಣಕ ಛಲೋ ಆಗೇದರಿ" ಎಂದ. ಅವಳ ಕಿವಿ ಬಿಸಿಯಾಯಿತು.

ರಾಧಾಬಾಯಿ ಅವಳ ಬೋಳುಗೈ ಹಿಡಿದು ಮೆತ್ತಗೆ ಕೇಳಿದರು: "ಇಷ್ಟು ಸಣ್ಣಾಕಿ ಇದ್ದೀಯಲ್ಲವಾ. ಮುಂದಿಂದು ಏನರ ವಿಚಾರ ಮಾಡ್ಯಾರೇನು ಮನಿಯವರು?"

ಈಗ ಅಣ್ಣ ಹೇಳುತ್ತಾನೆ ಎಂದುಕೊಂಡಳು ರುದ್ರವ್ವ. ಅಣ್ಣ ಹೇಳಿಯೂ ಹೇಳಿದ.

"ಆಕಿಗೇನ್ರಿ ಬಾಯಾರ, ಶಿವಪೂಜಿ ಮಾಡಿಕೊಂಡು ಇರತಾಳ. ಉಡಿಕಿ ಗಿಡಿಕಿ ನಮ್ಮ ಮನ್ಯಾಗ ನಡಿಯೂದಿಲ್ಲ. ಅದೆಲ್ಲಾ ಹಳ್ಳಿ ಮಂದಿ ಹೊಲಸು ಪದ್ಧತಿ. ನಾವು ನಿಮ್ಮಂಥವರ ನಡುವ ಮರ್ಯಾದಿಲೆ ಬಾಳುವವರು."

ಅವನ ಲೆಕ್ಕ ಸರಳವಾಗಿತ್ತು. ಬ್ರಾಹ್ಮಣರ ಮುಂದೆ ಹೀಗೆ ಅನ್ನುವುದು, ಆಮೇಲೆ ಹೊಳಬಸಪ್ಪನನ್ನು ಮರದ ಆಚೆ ಕರೆದು ಹೂಂ ಅನ್ನುವುದು. ಹೊರಗೊಂದು ಮಾತು, ಒಳಗೊಂದು ಮಾತು. ಅದರಿಂದ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದ, ಮೂರ್ಖ.

ರಾಧಾಬಾಯಿ ರುದ್ರವ್ವನ ಕೈಬಿಟ್ಟು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಏಕನಾಥರಾಯರು ರೊಟ್ಟಿಯನ್ನು ತಟ್ಟೆಗಿಟ್ಟರು.

"ನಮ್ಮ ಮಗಳು ಇಂದೂಂದು ಹ್ವಾದ ವರ್ಷ ಮುಂಬಯಿಯೊಳಗ ಮದವಿ ಆತು, ಮುರುಗೆಪ್ಪ. ಎರಡನೇ ಮದವಿ. ನಮ್ಮ ಅಣ್ಣತಮ್ಮಂದಿರು ಇನ್ನೂ ನಮ್ಮ ಮನಿಯಾಗ ನೀರು ಕುಡಿಯೂದಿಲ್ಲ. ಲಿಂಗಾಯತರು ನಮಕಿಂತ ಶಾಣ್ಯಾರು, ಮೊದಲಿಂದ ಇದನ್ನ ಮಾಡಿಕೋತ ಬಂದಾರ ಅಂತ ನಾನ ಇಕಿ ಮುಂದ ಹೇಳಿ ಸಮಾಧಾನ ಮಾಡಿದ್ದೆ. ನೀವು ನೋಡಿದರ ಹೊಲಸು ಅಂತೀರಿ."

ಮುರುಗೆಪ್ಪನ ಮುಖದ ಕಳೆ ಇಳಿದುಹೋಯಿತು. ಆದರೆ ನಾಲಗೆಗೆ ಎಲುಬಿದೆಯೇ? ಆ ಕ್ಷಣವೇ ಮಾತು ಮಗುಚಿ ಹಾಕಿದ.

"ಬಾಯಿ ತಪ್ಪಿ ಅಂದೆರಿ ಸಾಹೇಬ್ರ. ಖರೇ ಹೇಳಬೇಕಂದ್ರ ಇವತ್ತ ಆಕಿ ಉಡಿಕಿ ಮಾತಿಗೇ ಬಂದೇವಿ. ಇವರ ನೋಡ್ರಿ ಗಂಡು, ಹೊಳಬಸಪ್ಪನವರು. ನಿಮ್ಮ ಮುಂದ ಹೂಂ ಅಂತೀನಿ, ತಗೋರಿ."

ಸಂತೆಯಲ್ಲಿ ಎಮ್ಮೆ ಕೊಟ್ಟ ಹಾಗೆ ಕೊಟ್ಟ. ರುದ್ರವ್ವನಿಗೆ ನಾಚಿಕೆಯಾಯಿತು, ಸಿಟ್ಟು ಬಂತು. ಅವೆರಡರ ಕೆಳಗೆ ಆಸೆಯೂ ಇತ್ತು. ಹೇಗಾದರೂ ಹೂಂ ಅಂದನಲ್ಲ.

ಹೊಳಬಸಪ್ಪ ಕೈ ತೊಳೆದುಕೊಂಡು, ಪಂಚೆಯ ಅಂಚಿಗೆ ಒರೆಸಿಕೊಂಡು ಬಂದ.

"ನಮ್ಮವ್ವ ಉಡಿಕಿ ಆದಾಕಿರಿ. ಆಕಿ ಹೊಟ್ಟಿಲೆ ಹುಟ್ಟಿದಾಂವ ನಾನು. ಹೊಲಸು ಅಂದ ಬಾಯಿಂದ ನನಗ ಹೂಂ ಬ್ಯಾಡ."

ಚನ್ನಬಸವ್ವ ಮಗನನ್ನು ನೋಡಿದಳು, ಮಗ ನೆಲ ನೋಡಿದ. ಅಲ್ಲಿ ಮಾತಾಡುವ ದಮ್ಮು ಇದ್ದದ್ದು ಒಬ್ಬಳಿಗೇ. ರುದ್ರವ್ವ ಎದ್ದು ನಿಂತಳು.

"ಅಂದಾಂವ ನಮ್ಮಣ್ಣ. ನಾ ಅಂದಿಲ್ಲ. ನನಗ ಒಪ್ಪಿಗಿ ಅದರಿ."

ಹೆಣ್ಣು ಹಾಗೆ ಅನ್ನುವುದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಹೊಳಬಸಪ್ಪ ಅವಳನ್ನು ಪೂರಾ ದಿಟ್ಟಿಸಿ ನೋಡಿದ. ಮನಸ್ಸು ಕರಗಿದ್ದು ಅವನ ಕಣ್ಣಿನಲ್ಲಿ ಕಂಡಿತು. ಕಂಡಿತೆಂದೇ ಅವಳು ಕಡೆಯವರೆಗೂ ನಂಬಿದ್ದಳು. ಆದರೆ ಅವನಿಗೆ ತನ್ನ ತಾಯಿಯ ಮಾನ ಮುಖ್ಯವಾಯಿತು, ಎದುರಿಗೆ ನಿಂತವಳದ್ದಲ್ಲ. ಅವನೂ ಗಂಡಸೇ ತಾನೆ.

"ನಿಂದೇನೂ ತಪ್ಪಿಲ್ಲ, ತಂಗಿ" ಎಂದ.

ರಾಧಾಬಾಯಿ "ಅಯ್ಯ ದೇವರ" ಎಂದು ಮುಖ ತಿರುಗಿಸಿದರು. ತಂಗಿ ಎಂದು ಕರೆದವಳಿಗೆ ಸೀರೆ ಉಡಿಸುವ ಗಂಡು ಭೂಮಿಯ ಮೇಲಿಲ್ಲ. ಅದು ಗೊತ್ತಿದ್ದೇ, ಬೇಕೆಂದೇ ಕರೆದಿದ್ದ.

ಇಷ್ಟಾದ ಮೇಲೂ ಎಲ್ಲರೂ ಅದೇ ಮೋಟಾರಿನಲ್ಲಿ ಒತ್ತಿ ಕೂತು ವಾಪಸು ಬರಬೇಕಾಯಿತು. ರಾಯರು ಇತಿಹಾಸದ ಮಾತೆತ್ತಲಿಲ್ಲ. ಹೊಳಬಸಪ್ಪ ಒಬ್ಬೊಬ್ಬರನ್ನೇ ಅವರವರ ಮನೆಗಿಳಿಸಿ, ಚನ್ನಬಸವ್ವನಿಗೆ ಕೈಮುಗಿದು ಹೋದ.

ಮನೆಯೊಳಗೆ ಬಂದ ಮುರುಗೆಪ್ಪ ಟೊಪ್ಪಿಗೆ ಗೂಟಕ್ಕೆ ಹಾಕಿ, "ನಿನ್ನ ಹಣೆಬರಾನ ಛಲೋ ಇಲ್ಲ ಬಿಡು" ಎಂದ.

"ನನ್ನ ಹಣೆಬರಾ ಅಲ್ಲ. ನೀ" ಎಂದಳು ರುದ್ರವ್ವ. "ನಾಳಿಂದ ಕಾರಖಾನಿಗೆ ಬುತ್ತಿ ನೀನ ಮಾಡಿಕೊಂಡು ಹೋಗು. ನಾ ಒಲಿ ಮುಂದ ಕೂಡೂದಿಲ್ಲ."

ಮುರುಗೆಪ್ಪ ಗಾಬರಿಯಾಗಿ ತಾಯಿಯ ಮುಖ ನೋಡಿದ. ಚನ್ನಬಸವ್ವ ಅವನ ಬೆನ್ನು ಸವರಿ, ಮಗಳಿಗೆ ಕೇಳುವಂತೆಯೇ ಸಮಾಧಾನ ಹೇಳಿದಳು.

"ನೀ ಹೋಗಿ ಮಲಕೋ ನನ್ನಪ್ಪಾ. ಮುಂಜಾನೆ ಎದ್ದು ಮಾಡತಾಳ. ಇನ್ನ ಆಕಿ ಎಲ್ಲಿಗೆ ಹೋಗತಾಳ?"